ಇನ್ನೊಂದ್ ತಗೊಂಡ್ ಬಾ ಅನ್ನೋರಿಗೆ

ನಮಸ್ಕಾರ ಕಣ್ರಪ್ಪಾ, ಮದ್ದೂರಿಂದ ನಾನು. ಈ ವಾರ ಹೊಸ ಟೆಂಟ್ ಬಿಚ್ಚಿ ತೋರಿಸ್ತೀನಿ ಅಂದಿದ್ದೆ. ತೋರ್ಸಲ್ಲ. ಹೋದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವ ಬರ್ದವ್ನೆ: "ಒಂದು ಕಂತ್ರಿ ನಾಯಿ ಸತ್ತಿದ್ದಕ್ಕೆ ಇಪ್ಪತ್ತು ನಿಮಿಷ ಅಳ್ತೀಯಲ್ಲ ಗುರೂ, ಇನ್ನೊಂದ್ ತಗೊಂಡ್ ಬಾ." ಅದಕ್ಕೆ ನಲವತ್ತು ಲೈಕು! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ, ಆ ಹೊಟ್ಟೆಉರಿ ಬೇರೆ.

ಇನ್ನೊಂದ್ ತಗೊಂಡ್ ಬಾ. ಮಿಕ್ಸಿ ಜಾರಾ ಅದು?

ಕೆಂಚ ನಮ್ಮನೇಲಿ ಒಂಬತ್ತು ವರ್ಷ ಇದ್ದ. ನಾನು ಕೆರೆಗೆ ಕನೂ, ಅಂದ್ರೆ ಉದ್ದನೆ ಸಣ್ಣ ದೋಣಿ, ಇಳಿಸಿದ ದಿನ ಏರಿ ಮೇಲೆ ನಿಂತು ಊರೋರೆಲ್ಲ ನಕ್ಕಿದ್ದೇ ನಕ್ಕಿದ್ದು. ತೆಪ್ಪ ಅಂದ್ರೆ ದುಂಡಗಿರ್ಬೇಕು, ಇದೇನ್ಲಾ ಬಾಳೆಕಾಯಿ ಥರ ಅಂತ. ತೆಪ್ಪ ಗಿರಗಿರ ತಿರುಗಿದ್ರೂ ಸುಲಭಕ್ಕೆ ಮಗುಚಲ್ಲ. ಕನೂ ಹಂಗಲ್ಲ. ಕೊಕ್ಕರೆ ಕಂಡು ನಾಯಿ ಒಂದ್ ಕಡೆ ವಾಲ್ತೋ, ಇಬ್ರೂ ನೀರಿಗೆ. ಹದಿನೈದು ದಿನ ಕೊಟ್ಟಿಗೆ ಮುಂದೆ ಒಣನೆಲದ ಮೇಲೇ ಕನೂ ಇಟ್ಟು, ಒಳಗೆ ಗೋಣಿಚೀಲ ಹಾಸಿ, ನಟ್ಟನಡುವೆ ಕೂರೋದು ಕಲಿಸ್ದೆ. ಗೋಣಿ ಯಾಕೆ ಅಂದ್ರೆ, ನುಣ್ಣನೆ ತಳದಲ್ಲಿ ಉಗುರು ನಿಲ್ಲಲ್ಲ. ಜಾರಿದ್ರೆ ಹೆದರ್ತಾನೆ, ಹೆದರಿದ್ರೆ ಹಾರ್ತಾನೆ. ಬೆನ್ನ ಮೇಲೆ ಹಿಡಿ ಇರೋ ಲೈಫ್ ಜಾಕೆಟ್ ಹಾಕಿ, ಬಿದ್ರೆ ಎತ್ಕೊಳ್ಳೋಕೆ. ಬೆಲ್ಟನ್ನ ಮಾತ್ರ ದೋಣಿಗೆ ಕಟ್ಬೇಡಿ, ಮಗುಚಿದ್ರೆ ದೋಣಿ ಜೊತೆ ಅವನೂ ಹೋದ. ಹಾಂ, ರಂಗನತಿಟ್ಟಿಗೆ ಕರ್ಕೊಂಡೋಗ್ಲಾ ಅಂತ ಕೇಳಿದ್ರಲ್ಲ ಯಾರೋ: ಅದು ಪಕ್ಷಿಧಾಮ ಕಣಪ್ಪ. ಅಲ್ದೆ ಅಲ್ಲಿ ಬಂಡೆ ಮೇಲೆ ಮೊಸಳೆಗಳು ಬಾಯ್ ತಕ್ಕೊಂಡು ಬಿಸಿಲು ಕಾಯಿಸ್ತಿರ್ತವೆ.

ಇಷ್ಟು ಕಲ್ತವನ ಜಾಗಕ್ಕೆ ಇನ್ನೊಂದ್ ತಗೊಂಡ್ ಬಾ! ಎಲ್ಲಿಂದ? ಸಂತೇಲಿ ಕೊತ್ತಂಬರಿ ಕಟ್ಟಿನ ಜೊತೆ ಕೊಸರು ಕೊಡ್ತಾರಾ?

ಇನ್ನೊಬ್ಬ ಬರ್ದವ್ನೆ: "ಕೆರೆ ಕಾಡು ಅಲೆಸಿ ನೀನೇ ಸಾಯಿಸ್ದೆ." ಇದು ನಿದ್ದೆ ಕೆಡಿಸ್ತು, ಸುಳ್ಳು ಹೇಳಲ್ಲ. ಬಂದಿದ್ದು ಉಣ್ಣಿ ಜ್ವರ. ಅನ್ನ ಬಿಟ್ಟ, ಒಸಡು ಬಿಳಿಚ್ಕೊಂತು, ಒಂದಿನ ಬೆಳಿಗ್ಗೆ ಮೂಗಲ್ಲಿ ರಕ್ತ. ಪ್ಲೇಟ್‌ಲೆಟ್ ಪೂರ್ತಿ ಇಳಿದೋಗಿತ್ತು. ಟೆಂಟ್ ಹಾಕಿದ ಹುಲ್ಲಿಂದ್ಲೇ ಹತ್ಕೊಂತು ಅಂತ ನಾನೂ ಅಂದ್ಕೊಂಡೆ. ಡಾಕ್ಟ್ರು ಅಂದ್ರು, ಆ ಜ್ವರ ಹರಡೋ ಕಂದು ಉಣ್ಣಿ ಹೆಚ್ಚಾಗಿ ನಾಯಿ ಮಲಗೋ ಜಾಗದಲ್ಲೇ, ಗೋಡೆ ಸಂದೀಲಿ ಮೊಟ್ಟೆ ಇಡೋದು ಅಂತ. ಅಂದ್ರೆ ನಮ್ಮ ಕೊಟ್ಟಿಗೆ ಗೋಡೆ. ಕೆರೆ ಬಚಾವು. ನಂಗೆ ಸಮಾಧಾನ ಆಯ್ತಾ ಅಂದ್ರೆ, ಇಲ್ಲ. ಆ ಸಂದಿಗೆ ಗಾರೆ ಮೆತ್ತು ಅಂತ ಅವ್ವ ಎರಡು ವರ್ಷದಿಂದ ಹೇಳ್ತಿತ್ತು.

ಇನ್ನು ಮೂರನೆಯವನು, "ನಾಯಿಗೆ ಅಳೋದೆಲ್ಲ ಬೆಂಗಳೂರೋರ ಫ್ಯಾಷನ್ನು." ಅಯ್ಯಾ, ನಿಂದು ಯಾವೂರು? ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಹೆಸರು ಕೇಳಿದೀಯಾ? ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಗೆದ್ದು ಬಂದ ಮಣಲೇರ ಅನ್ನೋ ವೀರನಿಗೆ ಅವನ ಒಡೆಯ "ಮೆಚ್ಚಿದೆ, ಏನು ಬೇಕೋ ಕೇಳು" ಅಂದ. ಊರು ಕೇಳ್ಲಿಲ್ಲ, ಹೊನ್ನು ಕೇಳ್ಲಿಲ್ಲ. ಕಾಳಿ ಅನ್ನೋ ನಾಯಿ ಕೇಳ್ದ! ಆ ಕಾಳಿ ಒಂದು ದೊಡ್ಡ ಹಂದಿ ಮೇಲೆ ಬಿದ್ದು, ಹಂದೀನೂ ಸತ್ತು ತಾನೂ ಸತ್ತಾಗ, ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನಿಲ್ಸಿ, ಕೆರೆ ಕೆಳಗೆ ಎರಡು ಖಂಡುಗ ಜಮೀನು ಬಿಟ್ರು. ಪೂಜಾರಿ ಆ ಕಲ್ಲಿಗೆ ಪೂಜೆ ಮಾಡ್ದೆ ಉಂಡ್ರೆ ನಾಯಿ ಮಾಡಿದ ಪಾಪ ಅವನಿಗೆ ಅಂತ ಕಲ್ಲಲ್ಲೇ ಕೊರೆಸವ್ರೆ. ಸುಮಾರು ಕ್ರಿ.ಶ. 950. ಕಲ್ಲು ಈಗ ಬೆಂಗಳೂರು ಮ್ಯೂಸಿಯಮ್ಮಲ್ಲಿದೆ. ಫ್ಯಾಷನ್ ಇಲ್ಲಿಂದ ಅಲ್ಲಿಗೆ ಹೋಗಿದ್ದು ಕಣಯ್ಯಾ!

ಮಣಲೇರನಿಗೆ ಯಾರಾದ್ರೂ "ಇನ್ನೊಂದ್ ತಗೊಂಡ್ ಬಾ ಸ್ವಾಮಿ" ಅಂದಿದ್ರೆ? ಯುದ್ಧ ಮಾಡಿ ಬಂದೋನು. ಕೈಲಿ ಕತ್ತಿ ಬೇರೆ.

ಬೇರೆ ನಾಯಿ ಸಾಕ್ಬೇಡಿ ಅಂತಿಲ್ಲ ನಾನು. ಸಾಕಿ. ಹತ್ತು ಸಾಕಿ. ಹೂತ ಮಣ್ಣು ಇನ್ನೂ ಹಸಿ ಇರೋವಾಗ ನನ್ನ ಹತ್ರ ಆ ಮಾತು ಆಡ್ಬೇಡಿ ಅಷ್ಟೇ. ಯಾಕೆ ಅಂತ ಕೇಳ್ಬೇಡಿ. ಆಡ್ಬೇಡಿ ಅಂದ್ರೆ ಆಡ್ಬೇಡಿ. ಈಗ್ಲೂ ರಾತ್ರಿ ಅವ್ವ ಮುದ್ದೆ ಒಂದು ಜಾಸ್ತಿ ಕಟ್ತದೆ, ಆಮೇಲೆ ಕಟ್ಟಿದ್ದು ನಾನಲ್ಲ ಅಂತದೆ.

ಸರಿ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಆ ನಲವತ್ತು ಜನಾನೂ ಒತ್ತಿ, ಬೈಸ್ಕೊಳ್ಳೋಕಾದ್ರೂ ವಾಪಸ್ ಬನ್ನಿ. ಹಳೇ ಟೆಂಟ್ ಮಾರಾಟಕ್ಕಿದೆ, ಲಿಂಕ್ ಕೆಳಗಿದೆ. ಒಲೆ ಕೊಡ್ತೀನಿ, ಹುಟ್ಟು ಕೊಡ್ತೀನಿ, ರೇಟು ಮಾತಾಡೋಣ. ನಾಯಿ ಲೈಫ್ ಜಾಕೆಟ್ ಇದ್ಯಾ ಅಂತ ಇಬ್ರು ಮೆಸೇಜ್ ಹಾಕಿದ್ರಿ. ಇದೆ. ಕೊಡಲ್ಲ.