ಕೋರ್ಸ್ ಮುಗಿಯಿತು, ತಲೆಯಲ್ಲಿ ಉಳಿದಿದ್ದೆಷ್ಟು?

ನಮಸ್ಕಾರ. ಕೆಲಸದ ಜಾಗದಲ್ಲಿ ಒಂದು ಆನ್‌ಲೈನ್ ಟ್ರೈನಿಂಗ್ ಮುಗಿಸಿದ್ದೀರಿ. ಕೊನೆಯ ಕ್ವಿಜ್‌ನಲ್ಲಿ ಒಳ್ಳೆಯ ಅಂಕ, ಪರದೆ ಮೇಲೆ ಹಸಿರು ಟಿಕ್. ವಾರ ಬಿಟ್ಟು ಯಾರಾದರೂ "ಅದರಲ್ಲಿ ಏನಿತ್ತು?" ಅಂತ ಕೇಳಿದರೆ ಎಷ್ಟು ಹೇಳುತ್ತೀರಿ? ಈ ಪ್ರಶ್ನೆ ನನ್ನನ್ನು ತುಂಬಾ ದಿನದಿಂದ ಕಾಡುತ್ತಿದೆ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಆನ್‌ಲೈನ್ ಕೋರ್ಸ್ ಕೊಡುವ ತಾಣಗಳಾದ ಕೋರ್ಸೆರಾ, ಎಡ್‌ಎಕ್ಸ್ ಎರಡೂ ಶುರುವಾಗಿದ್ದು 2012ರಲ್ಲಿ. ಅದೇ ವರ್ಷ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಹೀಗೆ ಎಲ್ಲರಿಗೂ ನಡೆಸಿದ ಮೊದಲ ಆನ್‌ಲೈನ್ ಕೋರ್ಸಿಗೆ ಸುಮಾರು 1,55,000 ಜನ ಸೇರಿದರು. ಸರ್ಟಿಫಿಕೇಟ್ ತನಕ ಬಂದವರು 7,000 ಚಿಲ್ಲರೆ. ಅರ್ಧಕ್ಕೆ ಬಿಟ್ಟವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಕುತೂಹಲ ಇರುವುದು ಪೂರ್ತಿ ಮುಗಿಸಿದವರ ಬಗ್ಗೆ.

[ಪರದೆ ಮೇಲೆ: ಖಾಲಿ ಹಾಳೆ, ಪೆನ್ಸಿಲ್]

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. 2006ರಲ್ಲಿ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಪಾಠ ಕೊಟ್ಟರು. ಸೂರ್ಯ, ಸಮುದ್ರದ ನೀರುನಾಯಿ, ಇಂಥ ವಿಷಯ. ಒಂದು ಗುಂಪು ಐದೈದು ನಿಮಿಷದಂತೆ ನಾಲ್ಕು ಸುತ್ತು ಅದನ್ನೇ ಓದಿತು. ಸರಾಸರಿ ಒಬ್ಬೊಬ್ಬರು 14 ಸಲ! ಇನ್ನೊಂದು ಗುಂಪು ಓದಿದ್ದು ಒಂದೇ ಸುತ್ತು, ಸರಾಸರಿ ಮೂರೂವರೆ ಸಲ ಅನ್ನಿ. ಉಳಿದ ಮೂರು ಸುತ್ತು ಅವರ ಮುಂದೆ ಇದ್ದದ್ದು ಖಾಲಿ ಹಾಳೆ. ನೆನಪಾದದ್ದನ್ನೆಲ್ಲ ಬರೆಯಬೇಕು. ತಪ್ಪು ಸರಿ ಹೇಳುವವರೂ ಇಲ್ಲ.

ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಬರೀ ಓದಿದವರೇ ಮುಂದೆ. ಅವರಿಗೆ 83%, ಬರೆದವರಿಗೆ 71%. ಆದರೆ ಒಂದು ವಾರದ ನಂತರ ಪರೀಕ್ಷೆ ಕೊಟ್ಟವರಲ್ಲಿ ಲೆಕ್ಕ ತಿರುಗಿಬಿಟ್ಟಿತ್ತು. 14 ಸಲ ಓದಿದವರಲ್ಲಿ ಉಳಿದಿದ್ದು 40%. ಖಾಲಿ ಹಾಳೆ ಜೊತೆ ಒದ್ದಾಡಿದವರಲ್ಲಿ 61%!

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು. "ನಿಮಗೆ ಇದು ಎಷ್ಟು ನೆನಪಿರುತ್ತೆ?" ಅಂತ ಮೊದಲೇ ಕೇಳಿದ್ದರು. ಜಾಸ್ತಿ ಧೈರ್ಯದಿಂದ ಉತ್ತರಿಸಿದವರು ಯಾರು ಗೊತ್ತಾ? ಬರೀ ಓದಿದವರು. ಓದಿದ್ದನ್ನೇ ಓದಿದರೆ ಪಾಠದ ಮುಖಪರಿಚಯ ಆಗುತ್ತದೆ. ಅದನ್ನೇ ನಾವು ಕಲಿತೆವು ಅಂದುಕೊಳ್ಳುತ್ತೇವೆ. ದಾರಿಯಲ್ಲಿ ಸಿಕ್ಕವರ ಮುಖ ಗೊತ್ತು, ಹೆಸರು ಬಾಯಿಗೆ ಬರಲ್ಲ, ಹಾಗೆ.

ಈಗ ನಮ್ಮ ಟ್ರೈನಿಂಗ್ ಕ್ವಿಜ್ ನೆನಪಿಸಿಕೊಳ್ಳಿ. ವಿಡಿಯೋ ಮುಗಿದ ತಕ್ಷಣ ಬರುತ್ತೆ, ಅಲ್ವಾ? ಅಂದರೆ ಅದು ಅಳೆಯುವುದು ಆ ಐದು ನಿಮಿಷದ ನೆನಪನ್ನು. ಬೆಂಕಿ ಬಿದ್ದಾಗ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು, ಯಂತ್ರ ಕೈಕೊಟ್ಟರೆ ಮೊದಲು ಯಾವ ಸ್ವಿಚ್ ಆರಿಸಬೇಕು, ಇದೆಲ್ಲ ಬೇಕಾಗುವುದು ತಿಂಗಳುಗಳ ನಂತರ. ಆ ಹಸಿರು ಟಿಕ್ ನಂಬಿ ಜನರನ್ನು ಕೆಲಸಕ್ಕೆ ಕಳಿಸುವುದು ಸರಿಯಲ್ಲ ಅಂತ ನನ್ನ ಖಚಿತ ಅಭಿಪ್ರಾಯ.

ಸಮಯ ಕಡಿಮೆ ಇದೆ, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಕಲಿಯುವವರು ವಿಡಿಯೋ ನಿಲ್ಲಿಸಿ, ನೋಡದೆ ಬರೆಯಿರಿ, ಆಮೇಲೆ ತಾಳೆ ಹಾಕಿ. ಕಲಿಸುವವರು ಅದೇ ಕ್ವಿಜ್ ಅನ್ನು ವಾರ ಬಿಟ್ಟು, ತಿಂಗಳು ಬಿಟ್ಟು ಮತ್ತೆ ಕಳಿಸಿ. ತಪ್ಪಾದ ಉತ್ತರಕ್ಕೆ ಕಾರಣವನ್ನೂ ಹೇಳಿ, ಸುಮ್ನೆ ಕೆಂಪು ಗುರುತು ಹಾಕಿ ಬಿಡಬೇಡಿ. ವಿಡಿಯೋ ಚಿಕ್ಕದಾಗಿರಲಿ. ಎಡ್‌ಎಕ್ಸ್ ಕೋರ್ಸುಗಳ ಮೇಲೆ 2014ರಲ್ಲಿ ಬಂದ ಅಧ್ಯಯನದಲ್ಲಿ, ವಿಡಿಯೋ ಎಷ್ಟೇ ಉದ್ದ ಇದ್ದರೂ ಜನ ಸಾಮಾನ್ಯವಾಗಿ ನೋಡುತ್ತಿದ್ದುದು ಹೆಚ್ಚೆಂದರೆ ಆರು ನಿಮಿಷ.

ಈಗ ಒಂದು ಹಾಳೆ ತಗೊಳ್ಳಿ. ಒಂದು ವಾರದ ನಂತರ ಎರಡು ಗುಂಪಿನಲ್ಲಿ ಉಳಿದಿದ್ದೆಷ್ಟು? ವಿಡಿಯೋ ಹಿಂದಕ್ಕೆ ಓಡಿಸಬೇಡಿ. ಮೊದಲು ಬರೆಯಿರಿ.