ಚಪ್ಪರವಿಲ್ಲದ ಬಳ್ಳಿ: ಬರೋಸಾದಲ್ಲಿ ನಾಲ್ಕು ದಿನ

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಕ್ರಮಕ್ಕೆ ಕರೆಯಲು ಬಂದವರು, "ಮೇಡಂ, ಆಸ್ಟ್ರೇಲಿಯಾದ ಬಗ್ಗೆ ಮಾತಾಡ್ರಿ, ಆದರ ವೈನ್ ಸುದ್ದಿ ಸ್ವಲ್ಪ ಕಡಿಮಿ ಇರಲಿ, ಹಿರಿಯರು ಬಂದಿರ್ತಾರ" ಅಂತ ಹೇಳಿ ಹೋಗಿದ್ದರು. ಆಯಿತು ಅಂದೆ. ಬರೆಯಲು ಕೂತಾಗ ಗೊತ್ತಾಯಿತು, ವೈನ್ ಬಿಟ್ಟು ಬರೋಸಾ ಕಣಿವೆಯ ಬಗ್ಗೆ ಮಾತಾಡುವುದೆಂದರೆ ಗೋಳಗುಮ್ಮಟ ಬಿಟ್ಟು ವಿಜಯಪುರದ ಬಗ್ಗೆ ಮಾತಾಡಿದ ಹಾಗೆ. ಹಿರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಮೂವತ್ತು ವರ್ಷ ಕೆಮಿಸ್ಟ್ರಿ ಕಲಿಸಿದವಳು. ನಮ್ಮ ಮನೆಯವರು ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರು. ಅವರು ಕುಡಿಯುವುದಿಲ್ಲ. ನಾನೂ ಕುಡಿಯುವವಳಲ್ಲ, ಆದರೆ ಹುಳಿಯಾಗುವ, ಕೊಳೆಯುವ ವಸ್ತುವಿನ ಬಗ್ಗೆ ನನಗೆ ವೃತ್ತಿಯ ಕುತೂಹಲ. ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿಸಿ, ತೋಟವನ್ನು ಮೈದುನನಿಗೆ ಒಪ್ಪಿಸಿ ಅವನ ಹತ್ತಿರ ಹೋಗಿದ್ದೆವು. "ನಾಲ್ಕು ದಿನ ನೀವಿಬ್ಬರೇ ಅಡಿಲೇಡ್ ಕಡೆ ಹೋಗಿ ಬರ್ರಿ" ಅಂತ ಟಿಕೆಟ್ ತೆಗೆಸಿಕೊಟ್ಟ. ಹೊರಡುವ ಹಿಂದಿನ ರಾತ್ರಿ ಮೈದುನನ ಫೋನು ಬಂತು. 17 ವರ್ಷದ ಹಳೇ ದ್ರಾಕ್ಷಿ ಪ್ಲಾಟು ಇಳುವರಿ ಕೊಡುತ್ತಿಲ್ಲ, ಈ ಸಲ ಜೆಸಿಬಿ ಕರೆಸಿ ಕಿತ್ತು ಹೊಸ ಸಸಿ ಹಚ್ಚೋಣವಾ ಅಂತ. ಇವರು "ಬಂದ ಮ್ಯಾಲ ನೋಡೂಣು" ಅಂದರು. ಅದೊಂದು ಮಾತು ನಾಲ್ಕು ದಿನವೂ ನಮ್ಮ ಜೊತೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಿತ್ತು.

ಅಡಿಲೇಡ್ ಮೆಲ್ಬರ್ನ್‌ಗಿಂತ ಅರ್ಧ ಗಂಟೆ ಹಿಂದೆ. ನಮ್ಮ ಗಡಿಯಾರದ ಹಾಗೆ ಅದೂ ಅರ್ಧ ಗಂಟೆಯ ಲೆಕ್ಕದ ಊರು. ವಿಮಾನ ನಿಲ್ದಾಣದಲ್ಲಿ ಇಳಿದ ತಕ್ಷಣ ದೊಡ್ಡ ತೊಟ್ಟಿ: ಹಣ್ಣು ತಂದಿದ್ದರೆ ಇಲ್ಲಿ ಹಾಕಿ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದೊಳಗೆ ಹಣ್ಣುನೊಣ ಬರಬಾರದು ಅಂತ ಈ ಕಾವಲು. ಸೊಸೆ ಕಟ್ಟಿಕೊಟ್ಟ ಎರಡು ಕಿತ್ತಳೆ ಅಲ್ಲಿಗೆ ಹೋದವು. ಶೇಂಗಾ ಚಟ್ನಿ, ರೊಟ್ಟಿ ಉಳಿದವು.

ಊರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಡಿಲೇಡ್‌ನ ನಕ್ಷೆ ಹಾಕಿದವನು ಕರ್ನಲ್ ವಿಲಿಯಂ ಲೈಟ್. ಚೌಕಾಕಾರದ ಬೀದಿಗಳು, ಸುತ್ತಲೂ ಉದ್ಯಾನದ ಪಟ್ಟಿ. ನಡುಪೇಟೆಯಲ್ಲಿ ಟ್ರಾಮ್‌ಗೆ ದುಡ್ಡಿಲ್ಲ. 1869ರಿಂದ ನಡೆಯುತ್ತಿರುವ ಸೆಂಟ್ರಲ್ ಮಾರ್ಕೆಟ್‌ನಲ್ಲಿ ಒಣದ್ರಾಕ್ಷಿಯ ಅಂಗಡಿ ಮುಂದೆ ಇವರು ಮುಕ್ಕಾಲು ಗಂಟೆ ನಿಂತರು. ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ನೋಡಿದರು. ಅಂಗಡಿಯವಳಿಗೆ ಇವರು ಗಿರಾಕಿಯೋ ಇನ್‌ಸ್ಪೆಕ್ಟರೋ ತಿಳಿಯಲಿಲ್ಲ.

ಅಡಿಲೇಡ್‌ನಿಂದ ಈಶಾನ್ಯಕ್ಕೆ ಕಾರಿನಲ್ಲಿ ಒಂದು ಗಂಟೆ ಹೋದರೆ ಬರೋಸಾ. ಹೆಸರು ಕೊಟ್ಟವನು ಅದೇ ಕರ್ನಲ್ ಲೈಟ್. 1811ರಲ್ಲಿ ಸ್ಪೇನಿನ ಬರ್ರೋಸಾ ಎಂಬಲ್ಲಿ ನಡೆದ ಯುದ್ಧದ ನೆನಪಿಗೆ. ಬರೆಯುವಾಗ ಕಾಗುಣಿತ ತಪ್ಪಿತು, ತಪ್ಪೇ ಉಳಿಯಿತು. ಅಲ್ಲಿ ಬಾಟಲಿಗಳ ಮೇಲೆಲ್ಲ 18 ರಿಂದ ಶುರುವಾಗುವ ಇಸವಿಗಳೇ. ಅದಕ್ಕೂ ಮೊದಲು ಅಲ್ಲಿ ಯಾರೂ ಇರಲಿಲ್ಲವೇನೋ ಅನ್ನಿಸಿಬಿಡುತ್ತದೆ. ಅದು ಪೆರಮಾಂಕ್, ನಜುರಿ, ಗೌರ್ನಾ ಜನರ ನೆಲ. ಬಂದವರ ಇಸವಿ ಬಾಟಲಿಯ ಮೇಲಿದೆ, ಇದ್ದವರದು ಇಲ್ಲ.

ಬಂದವರು ಜರ್ಮನ್ ಭಾಷಿಕ ಲೂಥರನ್ ಕ್ರೈಸ್ತರು. ಪ್ರಷ್ಯದ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ತನ್ನ ರಾಜ್ಯದ ಎರಡು ಪಂಥಗಳನ್ನು ಬಲವಂತವಾಗಿ ಒಂದು ಮಾಡಹೊರಟ. ಒಪ್ಪದವರು ಪಾದ್ರಿ ಆಗಸ್ಟ್ ಕಾವೆಲ್ ಜೊತೆ 1838ರಲ್ಲಿ ಹಡಗು ಹತ್ತಿದರು. 1842ರಲ್ಲಿ ಬರೋಸಾದಲ್ಲಿ ಬೆಥನಿ ಎಂಬ ಹಳ್ಳಿ ಕಟ್ಟಿದರು. ಮೊದಲನೆಯ ಮಹಾಯುದ್ಧ ಬಂದಾಗ ಇವರ ಮೊಮ್ಮಕ್ಕಳು ಶತ್ರುಗಳಂತೆ ಕಂಡರು. 1917ರಲ್ಲಿ ಕಾನೂನು ಮಾಡಿ 69 ಜರ್ಮನ್ ಊರ ಹೆಸರುಗಳನ್ನು ಅಳಿಸಿದರು. ಹೆಸರು ಬದಲಿಸುವ ಚಟ ನಮಗಷ್ಟೇ ಇದೆ ಅಂದುಕೊಂಡಿದ್ದೆ.

ಈಗ ಬಳ್ಳಿಗೆ ಬರುತ್ತೇನೆ.

ತನುಂಡಾ ಊರಿನಲ್ಲಿ ಲಾಂಗ್‌ಮೈಲ್ ಎಂಬ ವೈನರಿಯಿದೆ. ಅಲ್ಲಿ 1843ರಲ್ಲಿ ಕ್ರಿಶ್ಚಿಯನ್ ಔರಿಚ್ಟ್ ಎಂಬ ವಲಸೆಗಾರ ಹಚ್ಚಿದ ಶಿರಾಜ್ ಎಂಬ ಕೆಂಪು ವೈನ್ ದ್ರಾಕ್ಷಿಯ ಬಳ್ಳಿಗಳು ಇನ್ನೂ ಫಲ ಕೊಡುತ್ತಿವೆ. ನೋಡಲು ಮೊದಲೇ ಹೇಳಿಟ್ಟಿದ್ದೆವು. ತೋಟದ ಅಂಚಿಗೆ ಬಂದಾಗ ಜೊತೆಗಿದ್ದ ಹುಡುಗಿ ಮೊದಲು ಕೇಳಿದ್ದು, "ವಿಕ್ಟೋರಿಯಾದ ಯಾವುದಾದರೂ ದ್ರಾಕ್ಷಿ ತೋಟಕ್ಕೆ ಹೋಗಿದ್ದಿರಾ?" ಮೆಲ್ಬರ್ನ್ ಇರುವ ರಾಜ್ಯ ವಿಕ್ಟೋರಿಯಾ. ಇಲ್ಲ ಅಂದೆವು. ಆದರೂ ಬೂಟಿನ ತಳ ಔಷಧಿ ನೀರಿನಲ್ಲಿ ಅದ್ದಿಸಿದಳು. ನಮ್ಮ ಮನೆಯವರಿಗೆ ಅದು ಭಾಳ ಹಿಡಿಸಿತು. "ಗುಡಿಗೆ ಹ್ವಾದಂಗ ಆತು" ಅಂದರು.

ಅದರ ಕಾರಣ ಫಿಲಾಕ್ಸೆರಾ ಎಂಬ ಹುಳ. ಉದ್ದ ಒಂದು ಮಿಲಿಮೀಟರು. ಬೇರಿನ ರಸ ಹೀರುತ್ತದೆ, ಗಾಯದಲ್ಲಿ ಕೊಳೆ ಸೇರುತ್ತದೆ, ಬಳ್ಳಿ ಸಾಯುತ್ತದೆ. ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿನ ಕಾಡು ದ್ರಾಕ್ಷಿಗೆ ಅದನ್ನು ತಾಳಿಕೊಳ್ಳುವ ಗುಣವಿದೆ. 1860ರ ದಶಕದಲ್ಲಿ ಯುರೋಪಿಗೆ ದಾಟಿ ಫ್ರಾನ್ಸಿನ ತೋಟಗಳನ್ನು ನೆಲಸಮ ಮಾಡಿತು. ಆಮೇಲೆ ಅವರು ಅಮೆರಿಕದ ಬೇರಿನ ಮೇಲೆ ತಮ್ಮ ಬಳ್ಳಿ ಕಸಿ ಕಟ್ಟಿ ಬದುಕಿಕೊಂಡರು. 1877ರಲ್ಲಿ ಆ ಹುಳ ವಿಕ್ಟೋರಿಯಾದ ಜೀಲಾಂಗ್‌ನಲ್ಲಿ ಸಿಕ್ಕಿತು. ಮೆಲ್ಬರ್ನ್ ಪಕ್ಕದ ಯಾರಾ ಕಣಿವೆಗೆ ಅದು ಕಾಲಿಟ್ಟಿದ್ದು 2006ರಲ್ಲಿ ಗೊತ್ತಾಯಿತು. ದಕ್ಷಿಣ ಆಸ್ಟ್ರೇಲಿಯಾಕ್ಕೆ ಮಾತ್ರ ಇವತ್ತಿನವರೆಗೂ ಬಂದಿಲ್ಲ. ಹೀಗಾಗಿ ಫ್ರಾನ್ಸಿನ ಬೋರ್ಡೋದಿಂದ ಬಂದವರೂ ತಮ್ಮ ದೇಶದಲ್ಲಿ ಸತ್ತುಹೋದ ವಯಸ್ಸಿನ ಬಳ್ಳಿ ನೋಡಲು ಇಲ್ಲಿಗೆ ಬರಬೇಕು.

ನಮ್ಮ ಕಡೆ ಡಾಗ್‌ರಿಡ್ಜ್ ಎಂಬ ತಳಿಯ ಬೇರಿನ ಮೇಲೆ ಥಾಮ್ಸನ್ ದ್ರಾಕ್ಷಿ ಕಸಿ ಮಾಡುವುದು ನಿಮಗೆಲ್ಲ ಗೊತ್ತು. ಅದು ಹುಳಕ್ಕಾಗಿ ಅಲ್ಲ, ಸವುಳು ನೀರಿಗೆ, ಬರಕ್ಕೆ. ಇಲ್ಲಿ 1843ರ ಬಳ್ಳಿ ನಿಂತದ್ದು ಸ್ವಂತ ಬೇರಿನ ಮೇಲೆ.

ಮೇ ತಿಂಗಳು, ಅಲ್ಲಿ ಎಲೆ ಉದುರುವ ಕಾಲ. ಸಾಲುಗಳಲ್ಲಿ ಹಳದಿ, ಕಂದು ಎಲೆ ಅಲ್ಲೊಂದು ಇಲ್ಲೊಂದು. ನಮ್ಮ ಹಾಗೆ ತಲೆಯ ಮೇಲೆ ಹಬ್ಬಿಸಿದ ಚಪ್ಪರವಿಲ್ಲ. ಬಳ್ಳಿ ಅನ್ನುವುದಕ್ಕೂ ಬಾರದು, ಗಿಡ್ಡ ಮರ. ಕಾಂಡ ನನ್ನ ತೊಡೆಗಿಂತ ದಪ್ಪ, ಹಿಂಡಿದ ಒದ್ದೆ ಸೀರೆಯ ಹಾಗೆ ತಿರುಚಿಕೊಂಡಿದೆ. ತೊಗಟೆ ಎಳೆ ಎಳೆಯಾಗಿ ಸುಲಿದು ನೇತಾಡುತ್ತದೆ. ಒಂದರ ಕಾಂಡ ನಡುವೆ ಪೂರ್ತಿ ಪೊಳ್ಳು, ಆಚೆಯ ಬೆಳಕು ಕಾಣುತ್ತದೆ, ಒಳಗೆ ಇರುವೆ ಸಾಲು. ಮೇಲ್ಗಡೆ ಮಾತ್ರ ಆ ವರ್ಷದ ಹೊಸ ಕಡ್ಡಿ, ಬೆರಳಿನಷ್ಟು ದಪ್ಪ, ಗಟ್ಟಿ.

ಇವರು ಕುಕ್ಕರುಗಾಲಲ್ಲಿ ಕೂತರು. ಮುಟ್ಟಬಹುದಾ ಅಂತ ಸನ್ನೆಯಲ್ಲೇ ಕೇಳಿ, ಹೋರಿಯ ಮೈ ಸವರುವ ಹಾಗೆ ಸವರಿದರು. ಪ್ರಶ್ನೆಗಳು ಶುರುವಾದವು, ನಾನು ದುಭಾಷಿ. ವರ್ಷಕ್ಕೆ ಎಷ್ಟು ಚಾಟ್ನಿ? ಒಂದೇ, ಚಳಿಗಾಲದಲ್ಲಿ. ಬೆಳೆ? ಒಂದೇ. ಉಳಿದ ದಿನ? ಮಲಗಿರುತ್ತದೆ. ಎಕರೆಗೆ ಎಷ್ಟು? ಒಂದೆರಡು ಟನ್. ಇವರು ನನ್ನ ಮುಖ ನೋಡಿದರು. "ನಾನು ಹನ್ನೆರಡು ಟನ್ ತಗದೂ ಸಾಲ ಹರೀವಲ್ದು. ಈಕಿ ಒಂದ ಟನ್ನಿಗೆ ನಗಲಿಕ್ಕ ಹತ್ಯಾಳಲ್ಲ!"

ನಮ್ಮ ಬಳ್ಳಿಗೆ ನಿದ್ದೆ ಇಲ್ಲ ಸ್ನೇಹಿತರೆ. ಏಪ್ರಿಲ್‌ನಲ್ಲಿ ಕತ್ತರಿ, ಅಕ್ಟೋಬರ್‌ನಲ್ಲಿ ಕತ್ತರಿ, ನಡುವೆ ಔಷಧಿ, ಟಾನಿಕ್ಕು, ಬರಗಾಲದಲ್ಲಿ ಟ್ಯಾಂಕರ್ ನೀರು. ಮಳೆ ಲೆಕ್ಕದಲ್ಲಿ ಬರೋಸಾಕ್ಕೂ ನಮಗೂ ಭಾರಿ ಅಂತರವಿಲ್ಲ, ಎರಡೂ ಕಡೆ ಹೆಚ್ಚುಕಡಿಮೆ 500-600 ಮಿಲಿಮೀಟರು. ಅವರದು ಚಳಿಗಾಲದ ಮಳೆ, ನಮ್ಮದು ಮುಂಗಾರು, ಹಿಂಗಾರು. ಹಾಗಂತ ಅವರಂತೆ ಮಾಡೋಣ ಅಂತ ನಾನು ಹೇಳುವುದಿಲ್ಲ. ಅವರ ಒಂದು ಟನ್ನಿಗೆ ಬಾಟಲಿಯ ಬೆಲೆ ಇದೆ, ನಮ್ಮ ಹನ್ನೆರಡು ಟನ್ನಿಗೆ ಒಣದ್ರಾಕ್ಷಿ ಪೇಟೆಯ ಬೆಲೆ. ಹಳತು ಅನ್ನುವುದಕ್ಕೇ ದುಡ್ಡು ಕೊಡುವವರು ಇದ್ದರೆ ಮಾತ್ರ ಹಳತು ಉಳಿಯುತ್ತದೆ.

ಅವರಿಗೂ ಅದು ಸದಾ ಇರಲಿಲ್ಲ. 1980ರ ದಶಕದ ನಡುವಿನಲ್ಲಿ ಕೆಂಪು ವೈನ್ ಕೇಳುವವರಿಲ್ಲದೆ ದ್ರಾಕ್ಷಿ ಮಿಕ್ಕಿಹೋಯಿತು. ಸರಕಾರವೇ ದುಡ್ಡು ಕೊಟ್ಟು ಬಳ್ಳಿ ಕೀಳಿಸಿತು. ಕಿತ್ತವುಗಳಲ್ಲಿ ಎಷ್ಟೋ ಹಳೆಯ ಶಿರಾಜ್. ಕಿತ್ತವರನ್ನು ಬಯ್ಯುವುದು ಸುಲಭ. ರೇಟು ಬಿದ್ದ ವರ್ಷ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಮಾಲು ಇಟ್ಟುಕೊಂಡು ಕೂತವರಿಗೆ ಗೊತ್ತು. ಅದಕ್ಕೂ ಸ್ವಲ್ಪ ಮೊದಲು, 1970ರ ದಶಕದ ಕೊನೆಗೆ, ಪೀಟರ್ ಲೆಹ್ಮನ್ ಎಂಬ ವೈನ್ ತಯಾರಕನಿಗೆ ಅವನ ಕಂಪನಿ ರೈತರಿಂದ ಹಣ್ಣು ಕೊಳ್ಳಬೇಡ ಅಂದಿತು. ಅವನು ರೈತರಿಗೆ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟುಬಿಟ್ಟಿದ್ದ. ಸಾಲ ತಂದು ಬೇರೆ ವೈನರಿ ಕಟ್ಟಿ ಅವರ ಹಣ್ಣು ತೆಗೆದುಕೊಂಡ. ಜೂಜು ಅಂತ ಅವನಿಗೂ ಗೊತ್ತಿತ್ತು, ಬಾಟಲಿಯ ಗುರುತಾಗಿ ಇಸ್ಪೀಟಿನ ರಾಣಿಯನ್ನೇ ಹಾಕಿಕೊಂಡ. ಇವರು ಆ ಕಥೆಯನ್ನು ನನ್ನಿಂದ ಎರಡು ಸಲ ಹೇಳಿಸಿದರು.

ಇನ್ನು ರುಚಿ ನೋಡುವ ವಿಚಾರ. ವೈನರಿಯ ಈ ಕೋಣೆಗೆ ಅಲ್ಲಿ 'ಸೆಲ್ಲರ್ ಡೋರ್' ಅನ್ನುತ್ತಾರೆ. ತಳಕ್ಕೆ ಒಂದು ಗುಟುಕು ಹಾಕುತ್ತಾರೆ. ಗ್ಲಾಸು ತಿರುಗಿಸಬೇಕು, ಮೂಸಬೇಕು, ಬಾಯಲ್ಲಿ ಹೊರಳಿಸಬೇಕು, ಬೇಕಾದರೆ ಉಗುಳಬೇಕು. ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಎಲೆ ಅಡಿಕೆಯ ನಾಡಿನವಳು ನಾನು, ಪೀಕದಾನಿ ಕಂಡು ತವರಿಗೆ ಬಂದಷ್ಟು ಸಮಾಧಾನವಾಯಿತು. ಗಾಡಿ ಓಡಿಸುವವರ ರಕ್ತದಲ್ಲಿ ಮದ್ಯ ಶೇಕಡಾ 0.05 ಮುಟ್ಟುವಂತಿಲ್ಲ. ಕುಡಿಯದ ಗಂಡನ ಬೆಲೆ ಆ ಕಣಿವೆಯಲ್ಲಿ ತಿಳಿಯುತ್ತದೆ, ಪಕ್ಕದ ಮೇಜಿನ ಹೆಂಗಸರು ಹೊಟ್ಟೆಕಿಚ್ಚಿನಿಂದಲೇ ನೋಡುತ್ತಿದ್ದರು.

ಶಿರಾಜ್‌ನ ಮೊದಲ ಗುಟುಕಿಗೆ ನನಗೆ ನೆನಪಾದದ್ದು ನೇರಳೆ ಹಣ್ಣು. ಅದೇ ಒಗರು, ನಾಲಿಗೆ ದಪ್ಪಗಾಗುವುದು. ಸಿಪ್ಪೆ, ಬೀಜದ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಹಾಗಾಗುತ್ತದೆ. ಇನ್ನೊಂದರಲ್ಲಿ ನೀಲಗಿರಿ ಎಣ್ಣೆಯ ವಾಸನೆ. ಭ್ರಮೆ ಅಂದುಕೊಂಡೆ. ನಿಜವಂತೆ: ತೋಟದ ಪಕ್ಕದ ನೀಲಗಿರಿ ಮರದ ಎಣ್ಣೆ ಗಾಳಿಯಲ್ಲಿ ಬಂದು ಸಿಪ್ಪೆಗೆ, ಎಲೆಗೆ ಕೂರುತ್ತದೆ, ಮರಕ್ಕೆ ಹತ್ತಿರದ ಸಾಲುಗಳಲ್ಲಿ ಹೆಚ್ಚು. ಬುಕ್ ಮಾಡದೆ ಹೋದ ಒಂದು ಕಡೆ ನಗುನಗುತ್ತಲೇ ವಾಪಸ್ ಕಳಿಸಿದರು, ಅದೂ ಆಗಬೇಕಿತ್ತು.

ಮೂರನೆಯ ದಿನ ಸೆಪ್ಪೆಲ್ಟ್ಸ್‌ಫೀಲ್ಡ್. ದಾರಿಯ ಎರಡೂ ಕಡೆ ಸಾಲು ಖರ್ಜೂರ ಜಾತಿಯ ಮರ, 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದ ಆಳುಗಳನ್ನು ಮನೆಗೆ ಕಳಿಸದೆ ನೆಡಿಸಿದ್ದು. 1878ರಲ್ಲಿ ಬೆನ್ನೊ ಸೆಪ್ಪೆಲ್ಟ್ ಒಂದು ದೊಡ್ಡ ಪೀಪಾಯಿ ಸಿಹಿ ವೈನ್ ತುಂಬಿಸಿ, ನೂರು ವರ್ಷ ಯಾರೂ ಮುಟ್ಟಬಾರದು ಅಂದ. ಆಮೇಲೆ ಪ್ರತಿ ವರ್ಷವೂ ಒಂದೊಂದು ಇಟ್ಟರು. ಮೊದಲನೆಯದು ತೆಗೆದದ್ದು 1978ರಲ್ಲಿ. ಈಗ ಅಲ್ಲಿ ನಾವು ಹುಟ್ಟಿದ ವರ್ಷದ ಪೀಪಾಯಿಯಿಂದಲೇ ಒಂದಿಷ್ಟು ಹಾಕಿಕೊಡುತ್ತಾರೆ.

ನನ್ನದು 1961. ಬಣ್ಣ ಕುದಿಸಿ ಇಳಿಸಿದ ಕಬ್ಬಿನ ಹಾಲಿನದು, ಗ್ಲಾಸು ಓರೆ ಮಾಡಿದರೆ ಅಂಚಿಗೆ ಎಣ್ಣೆಯಂತೆ ಹತ್ತುತ್ತದೆ. ವರ್ಷ ವರ್ಷ ನೀರು, ಮದ್ಯ ಎರಡೂ ಮರದ ಮೂಲಕ ಆರಿ, ಉಳಿದದ್ದು ಗಟ್ಟಿಯಾಗುತ್ತ ಹೋಗಿದೆ. ನಾಲಿಗೆಗೆ ಮುಟ್ಟಿಸಿದೆ. ಜೋನಿ ಬೆಲ್ಲ, ಉತ್ತತ್ತಿ, ಸುಟ್ಟ ಸಕ್ಕರೆ, ಕೊನೆಗೆ ಒಂದು ಹುಳಿ. ನಾನು ಮಾತಾಡಲಿಲ್ಲ. ಇವರು ಗ್ಲಾಸು ಇಸಿದುಕೊಂಡು ಮೂಸಿದರು. ಇನ್ನೊಮ್ಮೆ ಮೂಸಿದರು. ಕಿರುಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. ಮೂವತ್ತಾರು ವರ್ಷದ ಸಂಸಾರದಲ್ಲಿ ಅದೇ ಮೊದಲು.

"ಇದು ನಮ್ಮ ಶೆಡ್ಡಿನ ವಾಸನಿ" ಅಂದರು. "ಮಾರ್ಚ್‌ದಾಗ ಪರದೆ ಸರಿಸಿ ಒಳಗ ಹೊಕ್ಕರ ಬರ್ತದಲಾ, ಅದು."

ಹೌದು, ಅದೇ.

ಕೊನೆಯ ದಿನ ವಾಪಸ್ ಬರುವಾಗ ವಿಲಿಯಮ್ಸ್‌ಟೌನ್ ಹತ್ತಿರ ಬರೋಸಾ ಜಲಾಶಯ. 1902ರಲ್ಲಿ ಮುಗಿದ ಬಿಲ್ಲಿನಂತೆ ಬಾಗಿದ ಕಟ್ಟೆ, 36 ಮೀಟರ್ ಎತ್ತರ. ಅದಕ್ಕೆ ಅಲ್ಲಿನವರು ಪಿಸುಮಾತಿನ ಗೋಡೆ ಅಂತಲೇ ಕರೆಯುತ್ತಾರೆ. ಈ ತುದಿಯಲ್ಲಿ ಪಿಸುಗುಟ್ಟಿದರೆ, ನೂರು ಮೀಟರಿಗೂ ಆಚೆಯ ಆ ತುದಿಯಲ್ಲಿ ಕಿವಿಯಲ್ಲಿ ಹೇಳಿದ ಹಾಗೆ ಕೇಳುತ್ತದೆ. ದನಿ ಬಾಗಿದ ಗೋಡೆಯನ್ನೇ ಹಿಡಿದು ಜಾರುತ್ತ ಹೋಗುತ್ತದೆ. ನಮಗೆ ಇದರಲ್ಲಿ ಹೊಸದೇನು? ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಮದುವೆಯಾದ ಹೊಸದರಲ್ಲಿ ಇದೇ ಆಟ ಆಡಿದವರು ನಾವು. ಆಗ ಇವರು ಆ ಕಡೆಯಿಂದ ಹೇಳಿದ್ದನ್ನು ಇಲ್ಲಿ ಹೇಳುವುದಿಲ್ಲ.

ಇವರು ಆ ತುದಿಗೆ ನಡೆದು ಹೋದರು. ಬಿಳಿ ಟೊಪ್ಪಿಗೆ ಸಣ್ಣದಾಗುತ್ತ ಹೋಯಿತು. ನಾನು ಗೋಡೆಗೆ ಮುಖ ಮಾಡಿ ಕಾದೆ. ಮೊದಲು ಕೆಮ್ಮು ಕೇಳಿತು. ಆಮೇಲೆ ದನಿ:

"ಏ, ಕೇಳಸ್ತದೇನ? ಆ ಹಳೇ ಪ್ಲಾಟ್ ಈ ವರ್ಷ ಕೀಳೂದು ಬ್ಯಾಡ. ಒಂದ ಎರಡ ಸಾಲರ ಇಡೂಣು."

ನಾನೂ ಗೋಡೆಗೇ ಹೇಳಿದೆ: "ಕೇಳಸ್ತದರಿ. ಅದನ್ನ ನಿಮ್ಮ ತಮ್ಮಗ ನೀವ ಫೋನ್ ಹಚ್ಚಿ ಹೇಳ್ರಿ."