ಪಾಪ, ಕೃಪೆ ಮತ್ತು ಸಂತ ಅಗಸ್ಟೀನ್

ಕೇಳುಗರಿಗೆ ನಮಸ್ಕಾರ.

ಹುಡುಗರ ಗುಂಪೊಂದು ನಡುರಾತ್ರಿ ಬೇರೆಯವರ ಪೇರ್ ಮರವನ್ನು ಅಲುಗಿಸಿ ಹಣ್ಣೆಲ್ಲ ಹೊತ್ತೊಯ್ದಿತು. ಹಸಿವಿಗಲ್ಲ, ಹಣ್ಣೂ ಅಷ್ಟೇನೂ ಚೆನ್ನಾಗಿರಲಿಲ್ಲ. ಬಹುಪಾಲನ್ನು ಹಂದಿಗಳಿಗೆ ಎಸೆದರು. ಅವರಲ್ಲೊಬ್ಬ, ಈಗಿನ ಅಲ್ಜೀರಿಯಾದಲ್ಲಿ 354ರಲ್ಲಿ ಹುಟ್ಟಿ, ಮುಂದೆ ಸಂತ ಅಗಸ್ಟೀನ್ ಎನಿಸಿಕೊಂಡವರು. ಹಿಪ್ಪೋ ನಗರದ ಬಿಷಪ್ ಆದಮೇಲೆ ಈ ಕಳವಿನ ಬಗ್ಗೆ ಪುಟಗಟ್ಟಲೆ ಬರೆದರು. ನಾಲ್ಕು ಹಣ್ಣಿಗೆ ಇಷ್ಟು ರಂಪವೇ ಎಂದು ನಗುವವರುಂಟು. ಅಗಸ್ಟೀನರನ್ನು ಕಾಡಿದ್ದು ಹಣ್ಣಲ್ಲ. ತಪ್ಪೆಂದು ಗೊತ್ತಿತ್ತು, ತಪ್ಪು ಅನ್ನುವುದಕ್ಕೇ ಅದು ರುಚಿಸಿತಲ್ಲ, ಅದು.

ಎಲ್ಲರೂ ಪಾಪಮಾಡಿದ್ದಾರೆ ಎಂದು ಯೇಸುವಿನ ಪ್ರೇಷಿತ ಪೌಲರು ರೋಮಿನ ಕ್ರೈಸ್ತ ಸಭೆಗೆ ಬರೆದಾಗ ಕಳ್ಳರು, ಕೊಲೆಗಡುಕರಷ್ಟೇ ಅವರ ಕಣ್ಣೆದುರಿಗಿರಲಿಲ್ಲ. ಧರ್ಮಶಾಸ್ತ್ರ ಬಲ್ಲ ಯೆಹೂದ್ಯರನ್ನೂ ಅರಿಯದ ಅನ್ಯಜನರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರು.

"ನೀನು ಆಜ್ಞಾಪಿಸುವುದನ್ನು ನಡೆಸಲು ಶಕ್ತಿ ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು" ಎಂಬುದು ಅಗಸ್ಟೀನರ ಪ್ರಾರ್ಥನೆ. ರೋಮ್‌ನಲ್ಲಿ ಇದನ್ನು ಕೇಳಿ ಬ್ರಿಟನ್ ಮೂಲದ ತಪಸ್ವಿ ಪೆಲೇಜಿಯಸ್ ಕೆರಳಿದರು. ದೇವರು ಆಜ್ಞೆ ಕೊಟ್ಟನೆಂದರೆ ಪಾಲಿಸುವ ಬಲವೂ ಮನುಷ್ಯನಲ್ಲಿ ಇರಲೇಬೇಕು ಎಂಬುದು ಅವರ ವಾದ. ಇಲ್ಲವೆಂದರೆ ಸೋಮಾರಿಗೆ ಅದೇ ನೆಪ. ಈ ಅಂಜಿಕೆ ಸುಳ್ಳಲ್ಲ. ಭಾನುವಾರ ಕ್ಷಮೆ ಬೇಡಿ ಸೋಮವಾರ ಹಳೆಯ ಚಾಳಿಗೆ ಮರಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೂ ಪೆಲೇಜಿಯಸರ ಬೋಧನೆ ಮೇಲ್ನೋಟಕ್ಕಷ್ಟೇ ಉದಾರ. ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಹುದು ಎಂದಮೇಲೆ, ಕುಡಿತ ಬಿಡಲಾರದೆ ಮತ್ತೆ ಮತ್ತೆ ಬೀಳುವವನಿಗೆ ಏನು ಹೇಳುವುದು? ಇನ್ನೂ ಗಟ್ಟಿ ಮನಸ್ಸು ಮಾಡು ಅನ್ನಬೇಕು, ಅಷ್ಟೆ. ಆ ಮನಸ್ಸೇ ಸೋತು ಕೂತಿದೆಯಲ್ಲ! ಅಗಸ್ಟೀನರು ಅವನಿಗೆ, ಬಯಸುವ ಬಲವನ್ನೂ ಕೊಡುವವನಿದ್ದಾನೆ, ಕೇಳು ಅನ್ನುತ್ತಾರೆ. ಕೃಪೆಯೆಂದರೆ ಅದು, ಸಂಬಳವಲ್ಲ.

418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ಸೇರಿದ ಬಿಷಪ್ಪರು ಪೆಲೇಜಿಯಸರ ಬೋಧನೆಯನ್ನು ಖಂಡಿಸಿದರು. ಗೆದ್ದ ಅಗಸ್ಟೀನರು ತಮ್ಮನ್ನು ಪಾಪಿಗಳ ಪಟ್ಟಿಯಿಂದ ಹೊರಗಿಟ್ಟುಕೊಳ್ಳಲಿಲ್ಲ. 430ರಲ್ಲಿ ಜರ್ಮಾನಿಕ್ ಬುಡಕಟ್ಟಿನ ವ್ಯಾಂಡಲರು ಹಿಪ್ಪೋವನ್ನು ಮುತ್ತಿದ್ದಾಗ ಹಾಸಿಗೆ ಹಿಡಿದಿದ್ದ ಅವರು, ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಗೋಡೆಗೆ ಹಾಕಿಸಿಕೊಂಡು ಓದುತ್ತಾ ಅಳುತ್ತಿದ್ದರೆಂದು ಒಡನಾಡಿ ಪೊಸಿಡಿಯಸ್ ಬರೆದಿದ್ದಾರೆ.

ಅಗಸ್ಟೀನರ ಮಾತೆಲ್ಲ ನನಗೆ ಒಪ್ಪಿಗೆಯೇನಲ್ಲ. ಮೊದಲ ಮನುಷ್ಯ ಆದಾಮನ ಅಪರಾಧ ಹುಟ್ಟಿನಿಂದಲೇ ಎಲ್ಲರ ಮೇಲಿದೆ, ಹಾಗಾಗಿ ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸಿಗೂ ದಂಡನೆ ಎಂದರಲ್ಲ, ಅದು ಗಂಟಲಲ್ಲಿ ಇಳಿಯುವುದಿಲ್ಲ. ಆದಾಮನಿಂದ ನಮಗೆ ಬಂದದ್ದು ಮರಣ, ಅವನ ಅಪರಾಧದ ಹೊಣೆಯಲ್ಲ ಎನ್ನುವ ಪೂರ್ವದ ಆರ್ಥೊಡಾಕ್ಸ್ ಸಭೆಗಳ ಮಾತು ನನಗೆ ಹೆಚ್ಚು ಹಿಡಿಸುತ್ತದೆ. ಹಾಗೆಂದು ಆ ಸಭೆಗಳವರು ಕೃಪೆಯನ್ನು ಬೇಡುವುದು ಕಡಿಮೆಯಲ್ಲ. "ಪ್ರಭುವೇ, ಕರುಣಿಸು" ಎಂಬ ಮೊರೆ ಅವರ ಒಂದೇ ಆರಾಧನೆಯಲ್ಲಿ ಹತ್ತಾರು ಸಲ ಬರುತ್ತದೆ, ಅದನ್ನು ಹೇಳುವವರಲ್ಲಿ ಬಿಷಪ್ಪರೂ ಇರುತ್ತಾರೆ.

ನಮಸ್ಕಾರ.